ತಮ್ಮನ ವಿಳಾಸ

ಆಸ್ಪತ್ರೆಯಲ್ಲಿದ್ದ ತಮ್ಮ ತೀರಿಕೊಂಡನೆಂದು ಫೋನು ಬಂದಾಗ, ಅಣ್ಣ ಇಬ್ಬರೂ ಸೇರಿ ನಡೆಸುತ್ತಿದ್ದ ಮುದ್ರಣಾಲಯದ ಮಹಡಿಯಲ್ಲಿ ಹಳೆಯ ಕಂಪ್ಯೂಟರಿನ ಮುಂದಿದ್ದರು. ಅದು ಪೂರ್ತಿ ಏಳುವ ಮೊದಲು, ಕಪ್ಪು ಪರದೆಯ ಮೇಲೆ ಅದರ ನೆಟ್‌ವರ್ಕ್ ವಿಳಾಸವನ್ನು ದಿನವೂ ಕೈಯಾರೆ ಬರೆಯಬೇಕಿತ್ತು. ಫೋನು ಕೆಳಗಿಟ್ಟು ಬರೆದರು. ಬರೆದದ್ದು ಕೆಳಗಿನ ಕೋಣೆಯ ತಮ್ಮನ ಕಂಪ್ಯೂಟರಿನ ವಿಳಾಸವಾಗಿತ್ತು.

ಒಂದೇ ವಿಳಾಸ ಎರಡಕ್ಕೂ ಬಿದ್ದರೆ ಎರಡೂ ಕೆಲಸ ನಿಲ್ಲಿಸುತ್ತಿದ್ದವು. ಆಗೆಲ್ಲ ತಮ್ಮ ಮೆಟ್ಟಿಲ ಬುಡದಿಂದಲೇ ಕೂಗುತ್ತಿದ್ದ: “ಅಣ್ಣಾ, ಮತ್ತೆ ನನ್ನ ಮನೆಗೇ ನುಗ್ಗಿದ್ಯಾ? ನಿಂಗೆ ಬೇರೆ ಬಾಗಿಲೇ ಕಾಣಲ್ವಾ?”

ತಪ್ಪು ಗೊತ್ತಾದರೂ ಅಣ್ಣ ತಿದ್ದಲಿಲ್ಲ. ಆ ಬೈಗುಳಕ್ಕಾಗಿ ಕಿವಿಗೊಟ್ಟು ಕೂತರು. ಕೆಳಗೆ ತಮ್ಮನ ಕಂಪ್ಯೂಟರು ಆರಿಯೇ ಇತ್ತು; ಮೇಲಿನದು ಒಂದಿಷ್ಟೂ ತಕರಾರಿಲ್ಲದೆ ಎದ್ದು ನಿಂತಿತು. ಅವರು ಕಣ್ಣು ಮುಚ್ಚಿ ಕೈಮುಗಿದರು.

“ದೇವರೇ, ನಾನು ಎತ್ತಿ ಆಡಿಸಿದ ಮಗು ಅದು. ಅದರ ಜೀವಕ್ಕೆ ನೆಮ್ಮದಿ ಕೊಡಪ್ಪಾ.”