ಕಾಶವ್ವ ಆರಿಸಿದ ಟಿ.ವಿ.

ರಾಣೆಬೆನ್ನೂರಿನ ಗಿರಣಿ ಗೂಳಪ್ಪ ಒಮ್ಮೆ ಕೆಮ್ಮಿದರೆ ಸಾಕು... ಅಲ್ಲಿ ಬ್ಯಾಡಗಿಯಲ್ಲಿ ಒಣಗಲು ಹಾಕಿದ ಮೆಣಸಿನಕಾಯಿ ತಾವಾಗಿಯೇ ಮಗ್ಗಲು ಬದಲಿಸುತ್ತಿದ್ದವು!

ಇದು ಸುಳ್ಳಾದರೆ ನನ್ನ ಫೋನು ಈಗಲೇ ಸ್ವಿಚ್ ಆಫ್ ಆಗಲಿ.

ಆಗಲಿಲ್ಲ... ನೋಡಿದಿರಾ? ಮುಂದೆ ಓದಿ.

ಇಂಥ ಗೂಳಪ್ಪ ಹೋದ ವರ್ಷ ತನ್ನ ಹಿಟ್ಟಿನ ಗಿರಣಿ ಮಾರಿ, ಮನೆಯಲ್ಲಿ ಆರಾಮಾಗಿ ಕುಳಿತ. ಹಳೆಯ ಡಬ್ಬಾ ಟಿ.ವಿ.ಯಲ್ಲಿ ಚಿತ್ರವೆಲ್ಲ ಮಸುಕು ಮಸುಕು. ಹೊಸದನ್ನು ತರಲೇಬೇಕಾಯಿತು.

ತರುವ ಮೊದಲೇ ಓಣಿ ತುಂಬ ಡಂಗುರ ಹೊಡೆದುಬಿಟ್ಟ.

“ಗ್ವಾಡಿ ತುಂಬ ಬರ್ತೈತಿ ನೋಡ್ರಪಾ ನಮ್ಮ ಟಿ.ವಿ.! ಅದರಾಗ ಆನಿ ಬಂದ್ರ ಖರೇ ಆನಿಯಷ್ಟ ಕಾಣ್ತೈತಿ!”

ಹೆಂಡತಿ ಕಾಶವ್ವನನ್ನು ಕರೆದುಕೊಂಡು ಅಂಗಡಿಗೆ ಹೋದ. ಅವನ ಬಜೆಟ್ಟಿಗೆ ಒಗ್ಗಿದ್ದು ಎರಡೇ ಟಿ.ವಿ.

ಒಂದು ಗೋಡೆಯಂಥದ್ದು... ಆದರೆ ಯಾವುದೋ ಅಗ್ಗದ ಮಾಲು, ಮುಖಗಳೆಲ್ಲ ನೀರಲ್ಲಿ ಅದ್ದಿದಂತೆ. ಇನ್ನೊಂದು ಚಿಕ್ಕದು, ಫುಲ್ ಎಚ್.ಡಿ., ಮೂಗುತಿಯ ಹರಳೂ ಎಣಿಸುವಷ್ಟು ಸ್ವಚ್ಛ. ರೇಟು ಎರಡಕ್ಕೂ ಒಂದೇ.

“ದೊಡ್ಡದು ಪ್ಯಾಕ್ ಮಾಡ್ರಿ,” ಅಂದ ಗೂಳಪ್ಪ.

“ಸಣ್ಣದ ಇರ್ಲಿರಿ,” ಅಂದಳು ಕಾಶವ್ವ.

“ಏ ಕಾಶಿ! ಓಣಿ ಮಂದಿ ನಕ್ಕಾರು. ಇದನ್ನ ಒಯ್ದ್ರ ಕ್ಯಾಲೆಂಡರ್ ತಂದಿಯೇನೋ ಅಂತಾರ!”

“ನಗಲಿ ಬಿಡ್ರಿ. ನನಗ ಇದ ಬೇಕು.”

ಗೂಳಪ್ಪನಿಗೆ ಸಿಟ್ಟು ಬಂತು. ಇವಳದು ಯಾವಾಗಲೂ ಇದೇ ಹಠ. ಈಗೀಗ ಹಿಂದಿನಿಂದ ಕರೆದರೆ ತಿರುಗಿಯೂ ನೋಡುವುದಿಲ್ಲ. ಫೋನು ಬಂದರೆ “ನೀವ ಮಾತಾಡ್ರಿ” ಎಂದು ಅವನ ಕೈಗೇ ಕೊಡುತ್ತಾಳೆ. ಗಿರಣಿ ಮಾರಿದ ರೊಕ್ಕದ ಸೊಕ್ಕು ಅಂದುಕೊಂಡಿದ್ದ.

ಅಷ್ಟರಲ್ಲಿ ಚಿಕ್ಕ ಟಿ.ವಿ. ಮುಂದೆ ನಿಂತಿದ್ದ ಕಾಶವ್ವ ಕಿಲಕಿಲ ನಕ್ಕಳು. ಅದರಲ್ಲಿ ಯಾವುದೋ ಅಡುಗೆ ಕಾರ್ಯಕ್ರಮ.

“ಕೇಳಿದ್ರೇನು? ಈಕಿ ಅತ್ತಿ ಬದನಿಕಾಯಿಗೆ ಬೆಲ್ಲ ಹಾಕ್ತಿದ್ಲಂತ. ಈಕಿ ಮಾತ್ರ ಸತ್ರೂ ಹಾಕಂಗಿಲ್ಲಂತ!”

ಸೇಲ್ಸ್‌ಮನ್ ಅವಳ ಎದುರಿಗೆ ಬಂದು ಕಣ್ಣು ಕಣ್ಣು ಬಿಟ್ಟ.

“ನಿಮಗ ಹ್ಯಾಂಗ ಗೊತ್ತಾತ್ರಿ ಅಕ್ಕಾರ?”

“ಹೇಳಾಕತ್ತಾಳಲ್ಲೋ ತಮ್ಮಾ... ನಿನಗ ಕೇಳವಲ್ದೇನು?”

“ಅಕ್ಕಾರ... ಸೌಂಡ್ ಬಂದ್ ಐತ್ರಿ.”

ಕಾಶವ್ವನ ನಗು ಅಲ್ಲೇ ನಿಂತುಹೋಯಿತು.

ಅವಳಿಗೆ ಸೌಂಡ್ ಬಂದ್ ಆಗಿರುವುದೇ ಗೊತ್ತಿರಲಿಲ್ಲ...

ಗೂಳಪ್ಪನಿಗೆ ಆಗ ಎಲ್ಲ ಹೊಳೆಯಿತು. ಗಿರಣಿಯ ಆ ಭೋರ್ಗರೆತದಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ‘ಸಣ್ಣಗೆ ಬೀಸು’, ‘ತರಿ ಇರಲಿ’, ‘ರೊಟ್ಟಿಗೆ’... ಗಿರಾಕಿಗಳ ತುಟಿ ನೋಡಿಯೇ ಕಾಶವ್ವ ತಿಳಿದುಕೊಳ್ಳುತ್ತಿದ್ದಳು. ಒಮ್ಮೆಯೂ ತಪ್ಪಿದವಳಲ್ಲ.

ಇವನೋ, ಹೊರಗೆ ಕಟ್ಟೆಯ ಮೇಲೆ ಕುಳಿತು ಊರಿಗೆಲ್ಲ ಬಡಾಯಿ ಕೊಚ್ಚುತ್ತಿದ್ದ. ಜೀವಮಾನವಿಡೀ ಯಂತ್ರದ ಪಕ್ಕ ನಿಂತವಳು ಅವಳು.

“ಯಾವಾಗಿಂದ ಕಾಶಿ?”

“ಗಿರಣಿ ನಡೀಮುಂದ ತಿಳೀಲಿಲ್ರಿ. ಆ ಸಪ್ಪಳದಾಗ ಎಲ್ಲಾರೂ ಕಿವುಡರ... ಮಾರಿದ ಮರುದಿನ ಮುಂಜಾನೆ ಅಂಗಳದಾಗ ಗುಬ್ಬಿ ಬಂದಿತ್ತು. ಬಾಯಿ ತಗೀತಿತ್ತು, ಮುಚ್ತಿತ್ತು... ದನಿ ಬರ್ಲಿಲ್ಲ.”

“ನನಗ್ಯಾಕ ಹೇಳ್ಲಿಲ್ಲ?”

“ಹೇಳಿದ್ರ ನೀವು ನನ್ನ ಕೂಡ ಮಾತಾಡೂದ ಬಿಡ್ತೀರೇನೋ ಅಂತ ಅಂಜಿಕಿ... ನಿಮ್ಮ ಸುಳ್ಳು ಇಲ್ದ ನನಗ ಹೊತ್ತ ಹೋಗಂಗಿಲ್ರಿ.”

“ಮತ್ತ ದಿನಾ ನನ್ನ ಕೂಡ ಧಾರಾವಾಹಿ ನೋಡಿ ನಗ್ತಿದ್ದಿ, ಅಳ್ತಿದ್ದಿ?”

“ಆ ಹಳೇ ಟಿ.ವಿ.ಯಾಗ ತುಟಿ ಎಲ್ಲಿ ಕಾಣ್ತಾವ? ನಾ ನಿಮ್ಮ ಮುಖಾ ನೋಡ್ತಿದ್ದೆ. ‘ಅಗಾ ಬಂದ, ಅಗಾ ಬಡದ’ ಅಂತ ನೀವ ಹೇಳ್ತಿದ್ರಲ್ಲ... ಅವರಕಿಂತ ನೀವು ಹೇಳಿದ ಕಥಿ ಚಲೋ ಇರ್ತಿತ್ತು.”

ಸೇಲ್ಸ್‌ಮನ್ ತಲೆ ತಗ್ಗಿಸಿಕೊಂಡು ಸುಮ್ಮನೆ ಟಿ.ವಿ. ಒರೆಸತೊಡಗಿದ.

ಇಷ್ಟಾದರೂ ಗೂಳಪ್ಪನ ಕಣ್ಣಲ್ಲಿ ಒಂದು ಹನಿ ನೀರಿಲ್ಲ! ಹುಲಿಯಂಥ ಮನುಷ್ಯ. ಎದೆಯುಬ್ಬಿಸಿ, “ಸಣ್ಣದ ಕೊಡ್ರಿ! ನಮ್ಮ ಮನಿಯಾಗ ಇನ್ನ ಮ್ಯಾಲೆ ಕಾಶವ್ವನ ಮಾತ ಕಡೀಕ!” ಎಂದು ಗುಡುಗಿದ. ಆ ಗುಡುಗಿಗೆ ಅಂಗಡಿಯ ಅಷ್ಟೂ ಟಿ.ವಿ.ಗಳ ಸೌಂಡ್ ತಾನಾಗಿಯೇ...

ಅಯ್ಯೋ! ಸಿಕ್ಕಿಬಿದ್ದೆ...

ಟೈಪ್ ಮಾಡುವಾಗ ಒಂದೊಂದೇ ಮಾತನ್ನು ತುಟಿಯಲ್ಲಿ ಹೇಳಿಕೊಳ್ಳುವ ಚಟ ನನಗೆ. ಎದುರಿಗೆ ಮೆಂತ್ಯ ಸೊಪ್ಪು ಬಿಡಿಸುತ್ತ ಕುಳಿತವಳು ಅಷ್ಟನ್ನೂ ಓದಿಬಿಟ್ಟಿದ್ದಾಳೆ!

“ಹುಲಿಯಂತ ಹುಲಿ! ಮಂದಿಗೆ ಕಳಸೂದು ಹೌದಲ್ಲ... ಖರೇ ಬರೀರಿ!”

ಬರೆಯುತ್ತೇನೆ ಮಾರಾಯ್ತಿ.

ಗೂಳಪ್ಪ ಅಂದರೆ ನಾನೇ. ಅಂಗಡಿಯಲ್ಲಿ ನಾನು ಗುಡುಗಲಿಲ್ಲ. ವಾಷಿಂಗ್ ಮಷಿನ್‌ಗಳ ಹಿಂದೆ ಹೋಗಿ, ಗೋಡೆಗೆ ಮುಖ ಮಾಡಿ, ಸಣ್ಣ ಮಗುವಿನ ಹಾಗೆ ಅತ್ತೆ. ಟಿ.ವಿ. ಪ್ಯಾಕ್ ಮಾಡಿಸಿದವಳು ಅವಳು. ನನ್ನ ಕಣ್ಣು ಒರೆಸಿ, ಕೈ ಹಿಡಿದು ಮನೆಗೆ ಕರೆತಂದವಳೂ ಅವಳೇ.

ಕಿವಿ ಡಾಕ್ಟರಿಗೂ ತೋರಿಸಿದ್ದೇವೆ, ಸ್ವಲ್ಪ ಸುಧಾರಿಸಬಹುದು ಅಂದಿದ್ದಾರೆ. ಅಲ್ಲಿಯವರೆಗೆ ನಾನು ಹೇಳುವ ಪ್ರತಿಯೊಂದು ಸುಳ್ಳನ್ನೂ ಅವಳ ಎದುರಿಗೆ ಕುಳಿತು, ದೀಪ ಹಾಕಿಕೊಂಡೇ ಹೇಳುತ್ತೇನೆ.

ಇಷ್ಟು ಖರೆ.

*ನಮ್ಮ ಮಾತಿಗಾಗಿ ದಿನವೂ ನಮ್ಮ ಮುಖ ನೋಡುವ ಒಂದು ಜೀವ ಮನೆಯಲ್ಲಿದ್ದರೆ, ಅದಕ್ಕಿಂತ ದೊಡ್ಡ ಭಾಗ್ಯ ಬೇರೆ ಇಲ್ಲ.*

ನೀವು ನಿಮ್ಮವರ ಎದುರು ಕುಳಿತು, ಅವರ ಮುಖ ನೋಡಿ ಮಾತಾಡಿ ಎಷ್ಟು ದಿನವಾಯಿತು...?