ಗಿರಣಿಯ ಗಡುವು

ಗಿರಣಿ ಮುಳುಗುವುದನ್ನು ಕಣ್ಣಾರೆ ನೋಡಲು ಸುಪಾರ್ಶ್ವ ಬನಹಟ್ಟಿಗೆ ಬಂದಿಳಿದಾಗ ಬೆಳಗಿನ ಹನ್ನೊಂದು ಗಂಟೆ. ಕೋಟಿನ ಒಳಜೇಬಿನಲ್ಲಿ ಜಪ್ತಿಯ ಅರ್ಜಿ ಇತ್ತು. ಅದನ್ನು ಬರೆಸುವುದಕ್ಕಾಗಿ ಮೂರು ದಿನ ಜಮಖಂಡಿಯಲ್ಲಿ ವಕೀಲ ರಾಚಪ್ಪನ ಮನೆಯಲ್ಲಿ ಬಿಡಾರ ಹೂಡಿದ್ದ.

ಐದು ವರ್ಷದ ಹಿಂದೆ, ೧೯೩೩ರಲ್ಲಿ, ಈ ಗಿರಣಿ ಕಂಪನಿಗೆ ಅವನು ನಲವತ್ತು ಸಾವಿರ ರೂಪಾಯಿ ಸಾಲ ಕೊಟ್ಟಿದ್ದ. ನೂರಕ್ಕೆ ಏಳು ಬಡ್ಡಿ, ವರ್ಷ ವರ್ಷ ಕೈಸೇರುತ್ತಿತ್ತು. ಮಗ್ಗ, ಇಂಜಿನು, ಕಟ್ಟಡ ಎಲ್ಲವೂ ಅವನ ಹೆಸರಿಗೆ ಒತ್ತೆ. ಗಡುವು ಇವತ್ತು ಸಂಜೆಗೆ ಮುಗಿಯುತ್ತಿತ್ತು.

ಕಂಪನಿಯವರು ಸಾಲ ತೀರಿಸುವ ರೀತಿ ಅವನಿಗೆ ಗೊತ್ತಿಲ್ಲದ್ದೇನಲ್ಲ. ಮುಧೋಳದವರ ಸಾಲ ತೀರಿಸಲು ಬೀಳಗಿಯವರ ಹತ್ತಿರ ಸಾಲ. ಬೀಳಗಿಯವರದನ್ನು ತೀರಿಸಲು ತನ್ನ ಹತ್ತಿರ. ಇದಕ್ಕೆ ಮುಂಬಯಿಯಲ್ಲಿ ಏನೋ ದೊಡ್ಡ ಹೆಸರಿದೆಯಂತೆ. ತನ್ನೂರು ತೇರದಾಳದ ಪೇಟೆಯಲ್ಲಿ ಟೋಪಿ ಹಾಕುವುದು ಎನ್ನುತ್ತಾರೆ. ಈ ಸಲ ಹಾಕಿಸಿಕೊಳ್ಳಲು ತಲೆಗಳೇ ಉಳಿದಿರಲಿಲ್ಲ. ಗೋದಾಮಿನಲ್ಲಿ ಮಾರಾಟವಾಗದ ಧೋತರಗಳಿಗೆ ಇಲಿ ಬಿದ್ದಿವೆ ಎಂಬ ಸುದ್ದಿ ಅವನಿಗೊಬ್ಬನಿಗೇ ಸಿಕ್ಕಿತ್ತು. ಸಂಜೆಯೊಳಗೆ ಹಣ ಬಾರದು. ನಾಳೆ ಅರ್ಜಿ ಕೋರ್ಟಿಗೆ ಹೋಗುತ್ತದೆ. ಆಮೇಲೆ ಹರಾಜು. ಲಕ್ಷದ ಗಿರಣಿಯನ್ನು ಅರ್ಧಕ್ಕೆ ಕೂಗಿ ಹಿಡಿಯಲು ಹತ್ತಿ ಮಾರಿದ ಹಣವನ್ನೆಲ್ಲ ಮನೆಯಲ್ಲೇ ಕೂಡಿಟ್ಟಿದ್ದ.

ಸುದ್ದಿಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹೆಂಡತಿ ಹೀರಾಗೆ ಹೇಳಿದರೆ ಬಾವಿಕಟ್ಟೆಗೆ ಹೇಳಿದ ಹಾಗೆ. ತಮ್ಮ ಆದಿನಾಥನಿಗೆ ಹಣದ ಪೆಟ್ಟಿಗೆಯ ಬೀಗದ ಕೈ ಕೊಟ್ಟಿದ್ದ. ಬುದ್ಧಿ ಕೊಡುವ ಹೊಣೆ ತನ್ನದಲ್ಲ ಎಂದುಕೊಂಡಿದ್ದ.

ಮ್ಯಾನೇಜರ್ ಗಂಗಾರಾಮ ಮಾರ್ಚಿನ ಬಿಸಿಲಿನಲ್ಲೂ ಟೈ ಬಿಗಿದುಕೊಂಡು ಕೂತಿದ್ದ. ಮುಂಬಯಿಯಲ್ಲಿ ಓದಿದವ. ಸಾಲದ ದುಡ್ಡಿನಲ್ಲಿ ಕೊಂಡ ಟೈ, ಎಂದುಕೊಂಡ ಸುಪಾರ್ಶ್ವ.

"ಬರ್ರಿ ಸಾವಕಾರ್ರ. ಮನಿಯಿಂದ ಬಂದ್ರೇನು?"

"ಇಲ್ರಿ, ಜಮಖಂಡಿಯಿಂದ. ಮನಿ ಬಿಟ್ಟು ಮೂರು ದಿನಾತು."

"ಹಂಗೇನು. ಛಲೋ ಆತು." ಗಂಗಾರಾಮ ಕುರ್ಚಿಗೆ ಒರಗಿದ. "ಚಾ ತೊಗೋತೀರೇನು?"

"ಚಾ ಕುಡ್ಯಾಕ ಬಂದಿಲ್ಲ. ಇವತ್ತ ತಾರೀಖ ಎಷ್ಟು?"

"ಗ್ವಾಡಿ ಮ್ಯಾಲೆ ಕ್ಯಾಲೆಂಡರ ಐತಿ. ಅದನ್ನೂ ಜಪ್ತಿ ಮಾಡೂಕಿಂತ ಮೊದ್ಲ ನೋಡ್ಕೋರಿ."

ಗಂಗಾರಾಮ ಎದ್ದು ತಿಜೋರಿ ತೆಗೆದ. ಒಂದೊಂದಾಗಿ ನಲವತ್ತು ಕಟ್ಟು ಮೇಜಿನ ಮೇಲೆ ಬಂದವು. ಅರ್ಜಿಯ ಮೇಲಿದ್ದ ಸುಪಾರ್ಶ್ವನ ಕೈ ಜೇಬಿನಲ್ಲೇ ಉಳಿಯಿತು.

"ಎಣಿಸ್ಕೋರಿ. ರಸೀದಿ ಬರೀರಿ. ನಿಮ್ಮ ಏಳರ ಬಡ್ಡಿ ಪೀಡಾ ಇವತ್ತಿಗೆ ಹೋತು."

ಒಂದು ಕಟ್ಟು ಬಿಚ್ಚಿ ಎಣಿಸಿದ. ಹತ್ತರ ನೋಟುಗಳು, ಸರಿಯಾಗಿ ನೂರು. ಬ್ಯಾಂಕಿನ ಗರಿಗರಿ ನೋಟುಗಳಲ್ಲ. ಸಂತೆ, ಪೇಟೆ ತಿರುಗಿ ಮೆತ್ತಗಾದವು. ಹಾಗಾದರೆ ಧೋತರ ಮಾರಾಟವಾಗುತ್ತಿವೆ. ಇಲಿಯ ಸುದ್ದಿ ತಂದವನಿಗೆ ಐದು ರೂಪಾಯಿ ದಂಡ ತೆತ್ತದ್ದು ನೆನಪಾಗಿ ಮೈ ಉರಿಯಿತು. ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದಕ್ಕೆ. ಗಿರಣಿ ಕೈಗೆ ಬರಲಿಲ್ಲ, ಹೋಗಲಿ. ವರ್ಷಕ್ಕೆ ಎರಡು ಸಾವಿರದ ಎಂಟುನೂರು ಬಡ್ಡಿಯೂ ಹೋಯಿತಲ್ಲ! ಈ ಟೈಯವ ತನ್ನನ್ನು ಬಾಡಿಗೆ ಎತ್ತಿನ ಹಾಗೆ ಬಿಚ್ಚಿ ಕಳಿಸುತ್ತಿದ್ದಾನೆ.

"ಇಷ್ಟ್ಯಾಕ ಅವಸರ? ನಾ ರೊಕ್ಕ ಕೇಳಿದ್ನೇನ್ರಿ?"

"ಕಿಸೆದಾಗ ಕೈ ಇಟ್ಕೊಂಡ ಕುಂತೀರಿ, ಕೇಳಿಲ್ಲ ಅಂತೀರಿ."

"ಹೊಸಾ ಬಾಂಡ್ ತಗದೀರಂತಲ್ಲ?"

"ತಗದೀವಿ. ಹತ್ತ ವರ್ಷದ್ದು, ಸೇಕಡಾ ಐದು. ಒತ್ತಿ ಗಿತ್ತಿ ಏನಿಲ್ಲ, ಬರೇ ಕಂಪನಿ ಮಾತು. ನಿಮ್ಮಂಥಾರಿಗೆ ಅಲ್ಲ ಬಿಡ್ರಿ. ರಬಕವಿ ರೇಷ್ಮಿ ಮಂದಿ ಮಧ್ಯಾಹ್ನ ಮೂರಕ್ಕ ಬರಾಕತ್ತಾರ."

ರಬಕವಿಯವರು! ಬಣ್ಣದ ನೀರಿನಲ್ಲಿ ಕೈ ಅದ್ದಿ ದೊಡ್ಡವರಾದವರು ತನ್ನ ಜಾಗದಲ್ಲಿ ಕೂರುವುದೆ? ಅವರು ಬರುವ ಮೊದಲೇ ವ್ಯವಹಾರ ಮುಗಿಸಬೇಕೆಂದು ಸುಪಾರ್ಶ್ವ ಮುಂದಕ್ಕೆ ಬಾಗಿದ. ಗಂಟಲು ಆರುವಷ್ಟು ಚೌಕಾಸಿ ಮಾಡಿ ಐದನ್ನು ಐದೂವರೆಗೆ ಏರಿಸಿದ. ಗಂಗಾರಾಮ ಹಣೆ ಚಚ್ಚಿಕೊಂಡು ಒಪ್ಪಿದ. ಹಳೆಯ ಒತ್ತೆಪತ್ರದ ಮೇಲೆ 'ತೀರಿತು' ಎಂದು ಬರೆದು ಸುಪಾರ್ಶ್ವ ಸಹಿ ಹಾಕಿದ. ಹೊಸ ಬಾಂಡ್ ಮಡಿಸಿ ಜೇಬಿಗಿಟ್ಟ. ನಲವತ್ತೂ ಕಟ್ಟುಗಳನ್ನು ತನ್ನ ಕೈಯಾರೆ ಮೇಜಿನ ಆಚೆಗೆ ನೂಕಿದ.

"ಖರೆ ವ್ಯಾಪಾರಸ್ಥರು ನೀವು," ಎಂದ ಗಂಗಾರಾಮ.

ಚಾ ಕುಡಿದು ಟಾಂಗಾ ಹತ್ತಿದಾಗ ಸುಪಾರ್ಶ್ವನ ಎದೆ ಉಬ್ಬಿತ್ತು. ಮುಂಬಯಿಯಲ್ಲಿ ಓದಿದವನ ಬಾಯಿಂದ ಅರ್ಧ ರೂಪಾಯಿ ಕಿತ್ತಿದ್ದೇನೆ! ಅರ್ಜಿಯನ್ನು ಚೂರು ಮಾಡಿ ಗಾಳಿಗೆ ಬಿಟ್ಟ. ಅರ್ಧ ದಾರಿಯಲ್ಲಿ ಗಿರಣಿಯ ಮೋಟಾರು ಧೂಳೆಬ್ಬಿಸಿಕೊಂಡು ಟಾಂಗಾವನ್ನು ದಾಟಿ ತೇರದಾಳದ ಕಡೆಗೆ ಓಡಿತು. ಡ್ರೈವರ್ ಸಲಾಮು ಹೊಡೆದ. ಸಾಲ ಕೊಟ್ಟ ದೊಡ್ಡ ಮನುಷ್ಯನಿಗೆ ಸಲ್ಲಬೇಕಾದದ್ದೇ ಎಂದು ಸುಪಾರ್ಶ್ವ ಗತ್ತಿನಿಂದ ತಲೆಯಾಡಿಸಿದ.

ಮನೆ ಮುಟ್ಟಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಊಟ ತಡವಾಯಿತೆಂದು ಹೀರಾ ಒಳಗಿನಿಂದಲೇ ಗೊಣಗುತ್ತಿದ್ದಳು. ಪಡಸಾಲೆಯಲ್ಲಿ ಆದಿನಾಥ ನಗುತ್ತ ನಿಂತಿದ್ದ.

"ಏನಲೇ, ಹಲ್ಲು ಕಿಸ್ಯಾಕತ್ತಿ?"

"ನನಗ ವ್ಯಾಪಾರ ತಿಳ್ಯಾಂಗಿಲ್ಲ ಅಂತಿದ್ರೆಲ್ಲ ಅಣ್ಣಾರ, ಇದನ್ನ ನೋಡ್ರಿ." ಆದಿನಾಥ ಐದು ನೋಟುಗಳನ್ನು ಅಣ್ಣನ ಮುಂದೆ ಹರವಿದ. "ನೀವ ರೊಕ್ಕ ಹಾಕಿದ ಗಿರಣಿ ಅಂದ್ಮ್ಯಾಲೆ ಏನ್ ಅಂಜಿಕಿ ಅಂತ, ಮುಂಜಾನಿ ಗಂಗಾರಾಮ ಬಂದು ಕೇಳಿದ ಕೂಡ್ಲೆ ಪೆಟ್ಟಿಗ್ಯಾಗಿನ ನಲವತ್ತ ಸಾವಿರ ಕೈಗಡ ಕೊಟ್ಟಿದ್ದೆ, ಈಗ ಗಿರಣಿ ಮೋಟಾರದಾಗ ಬಂದು ಅಷ್ಟೂ ತಿರುಗಿ ಮುಟ್ಟಿಸಿ, ಒಂದ ದಿನಕ್ಕ ಐವತ್ತ ರೂಪಾಯಿ ಬಡ್ಡಿ ಕೊಟ್ಟ ಹೋದ್ರು!"