ಅಪ್ಪನ ಎರಡು ಕೈ

ಮಗಳ ತಲೆ ಆ ಕಡೆ ಈ ಕಡೆ ಅಲ್ಲಾಡತೊಡಗಿದ್ದೇ ತಡ, ಅಪ್ಪ ಎರಡೂ ಕೈಯಲ್ಲಿ ಅದನ್ನು ಅದುಮಿ ಹಿಡಿದುಬಿಟ್ಟ. ಅವನದು ಕ್ಷೌರದ ಅಂಗಡಿ. ರಚ್ಚೆ ಹಿಡಿದ ಮಕ್ಕಳ ತಲೆಯನ್ನೂ ಮಿಸುಕದಂತೆ ಹಿಡಿದು ಕತ್ತರಿ ಆಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಆಸ್ಪತ್ರೆಯ ಮಂಚದ ಮೇಲೂ ಅದೇ ಪಟ್ಟು. ಈ ಫಿಟ್ಸ್ ಯಾವ ಬಗೆಯದೆಂದು ತಿಳಿಯಲು ಅವಳ ನೆತ್ತಿಗೆ ಅಂಟಿಸಿದ್ದ ತಂತಿಗಳಾಗಲಿ, ಗೋಡೆಯ ಮೇಲಿನ ಕ್ಯಾಮೆರಾ ಆಗಲಿ ಅವನ ಕಣ್ಣಿಗೆ ಬೀಳಲಿಲ್ಲ.

ಮಾರನೆಯ ದಿನ ಡಾಕ್ಟರಮ್ಮ ಅಪ್ಪ-ಮಗಳಿಬ್ಬರನ್ನೂ ಕೂರಿಸಿಕೊಂಡು ಪರದೆ ತೋರಿಸಿದರು. ಒಂದು ಕಡೆ ಕಣ್ಣು ಬಿಗಿಯಾಗಿ ಮುಚ್ಚಿ ಒದ್ದಾಡುವ ಮಗಳು, ಇನ್ನೊಂದು ಕಡೆ ಅದೇ ಹೊತ್ತಿನ ಮಿದುಳಿನ ಗೆರೆಗಳು.

"ಮೂರ್ಛೆರೋಗ ಆಗಿದ್ರೆ ಈ ಗೆರೆಗಳು ಹುಚ್ಚೆದ್ದು ಕುಣೀಬೇಕಿತ್ತು. ಎಚ್ಚರವಾಗಿರೋರದ್ದು ಹೇಗಿರುತ್ತೋ ಹಾಗೇ ಇವೆ. ಇದು ಮೂರ್ಛೆರೋಗ ಅಲ್ಲ."

ಅಪ್ಪನ ಬಾಯಿಂದ ಮಾತು ಜಾರಿತು. "ಹಾಗಾದ್ರೆ... ಬೇಕಂತಲೇ ಮಾಡ್ತಾಳಾ?"

ನೆಂಟರಿಷ್ಟರೆಲ್ಲ ನಾಟಕ ಅಂದಾಗ ಹಲ್ಲು ಕಚ್ಚಿ ತಡೆದುಕೊಂಡಿದ್ದ ಹುಡುಗಿಯ ಕಣ್ಣು ತುಂಬಿತು. "ನೀನೂನಾ ಅಪ್ಪಾ?"

"ಖಂಡಿತ ಇಲ್ಲ." ಡಾಕ್ಟರಮ್ಮನ ದನಿಯಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. "ಇದೂ ನಿಜವಾದ ಕಾಯಿಲೇನೇ. ಡಿಸೋಸಿಯೇಟಿವ್ ಸೀಜರ್ ಅಂತಾರೆ. ತಡ್ಕೊಳ್ಳೋಕೆ ಆಗದಷ್ಟು ಭಾರ ಬಿದ್ದಾಗ ಮಿದುಳು ಸ್ವಲ್ಪ ಹೊತ್ತು ಹಿಡಿತ ಬಿಟ್ಟುಬಿಡುತ್ತೆ. ಅದು ನಿಮ್ಮ ಮಗಳ ಕೈಯಲ್ಲಿಲ್ಲ. ಫಿಟ್ಸ್ ಮಾತ್ರೆ ಇದಕ್ಕೆ ನಾಟಲ್ಲ, ನಾನೇ ನೋಡ್ಕೊಂಡು ನಿಧಾನವಾಗಿ ನಿಲ್ಲಿಸ್ತೀನಿ. ಬರೋ ಮುಂಚಿನ ಸುಳಿವು ಗುರುತಿಸೋದನ್ನ ಥೆರಪಿಸ್ಟ್ ಕಲಿಸ್ತಾರೆ. ಎಷ್ಟೋ ಜನ ಸುಧಾರಿಸಿದಾರೆ. ಆದ್ರೆ ಯಜಮಾನ್ರೇ, ನೀವು ಮಾತ್ರ ಹಾಗೆ ಅದುಮಿ ಹಿಡೀಬೇಡಿ."

"ಬಿಟ್ರೆ ಪೆಟ್ಟಾಗಲ್ವಾ?"

"ಚೂಪಾದ್ದೆಲ್ಲ ದೂರ ಸರಿಸಿ, ತಲೆ ಕೆಳಗೆ ಮೆತ್ತಗೆ ಏನಾದ್ರೂ ಇಡಿ, ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿ. ನೋಡಿ, ನೀವು ಹಿಡಿದ ಮೇಲೆ ಒದ್ದಾಟ ಇನ್ನೂ ಜೋರಾಗಿದೆ."

ಪರದೆಯ ಮೇಲೆ ತನ್ನವೇ ಕೈಗಳನ್ನು ಕಂಡ ಅಪ್ಪ, ಮೇಜಿನ ಮೇಲಿದ್ದ ಕೈಗಳನ್ನು ಮೆಲ್ಲಗೆ ಕೆಳಗೆಳೆದುಕೊಂಡ.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಅಂಗಡಿಯಲ್ಲಿ ಗಿರಾಕಿಯ ಒಂದು ಕೆನ್ನೆ ನುಣ್ಣಗಾಗಿ, ಇನ್ನೊಂದರಲ್ಲಿ ನೊರೆ ಹಾಗೇ ಇತ್ತು. ಟವೆಲ್ ಮಡಚುತ್ತಿದ್ದ ಮಗಳು, "ಅಪ್ಪಾ, ಬೆರಳು ತಣ್ಣಗಾಗ್ತಿದೆ" ಎಂದವಳೇ ತಾನಾಗಿ ನೆಲದ ಮೇಲೆ ಮಲಗಿದಳು. ಥೆರಪಿಸ್ಟ್ ಹೇಳಿಕೊಟ್ಟಂತೆ ಟವೆಲಿನ ಒರಟು ಅಂಚನ್ನು ಬೆರಳಲ್ಲಿ ಉಜ್ಜುತ್ತಲೇ ಇದ್ದಳು. ಆದರೂ ಕಣ್ಣು ಮುಚ್ಚಿತು, ತಲೆ ಅಲ್ಲಾಡತೊಡಗಿತು.

"ಅಯ್ಯೋ, ಗಟ್ಟಿಯಾಗಿ ಹಿಡ್ಕೊಳ್ರೀ!" ಗಿರಾಕಿ ಚೀರಿದ.

"ನೀವು ಅಲ್ಲಾಡದೆ ಕೂತ್ಕೊಳ್ಳಿ ಸಾರ್, ಅಷ್ಟು ಸಾಕು." ಅಪ್ಪ ಕತ್ತಿಯನ್ನು ಮೇಲಿನ ಹಲಗೆಗೆ ಸೇರಿಸಿ, ಟವೆಲ್ಲುಗಳನ್ನು ಅವಳ ತಲೆಯಡಿ ತೂರಿಸಿ, ಪಕ್ಕದಲ್ಲಿ ಕೂತ. ಆದರೆ ಕೈ ಕೇಳಬೇಕಲ್ಲ! ತಾವಾಗಿಯೇ ಮುಂದೆ ಹೋದವು. ಎರಡನ್ನೂ ತೊಡೆಯ ಕೆಳಗೆ ತುರುಕಿ, ಅವುಗಳ ಮೇಲೇ ಕೂತುಬಿಟ್ಟ. "ಇಲ್ಲೇ ಇದೀನಿ ಪುಟ್ಟಾ. ಏನೂ ಆಗಲ್ಲ. ನಿಧಾನವಾಗಿ ಬಾ."

ಗಿರಾಕಿಯ ನೊರೆ ಒಣಗುವ ಮೊದಲೇ ಒದ್ದಾಟ ನಿಂತಿತು. ಮಗಳು ಕಣ್ಣು ಬಿಟ್ಟು, ಅಪ್ಪ ಕೂತಿದ್ದ ಭಂಗಿಯನ್ನು ಒಮ್ಮೆ ನೋಡಿದಳು.

"ಕೈ ತೆಗಿಯಪ್ಪಾ, ಜೋಮು ಹಿಡಿಯುತ್ತೆ. ಅವರ ಇನ್ನೊಂದು ಕೆನ್ನೆ ಬಾಕಿ ಇದೆ."